ಸ್ಕ್ಯಾನಿಂಗ್‌ಗೆ ಮೊದಲು ಒಂದು ರಕ್ತಪರೀಕ್ಷೆ: ತಲೆಪೆಟ್ಟಿನ ಬಗ್ಗೆ ಸಿಂಧನೂರಿನ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪ್. ಮೂರು ವಾರಗಳ ಹಿಂದೆ ರಾತ್ರಿ ಗದ್ದೆಯಿಂದ ಮನೆಗೆ ಬರುವಾಗ 26 ವರ್ಷದ ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಒಂದೆರಡು ನಿಮಿಷ ಎಚ್ಚರವಿರಲಿಲ್ಲ, ಆಮೇಲೆ ಮಾತನಾಡಿದ. ಹತ್ತಿರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಬಳ್ಳಾರಿಗೆ ಬರೆದುಕೊಟ್ಟರು. ಕಾರು ಮಾಡಿಕೊಂಡು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ನಾರ್ಮಲ್ ಎಂದು ಬೆಳಿಗ್ಗೆ ಮನೆಗೆ ಕಳಿಸಿದರು. ಆದರೆ ತಲೆನೋವು, ಮರೆವು ಇನ್ನೂ ಹೋಗಿಲ್ಲ. ಮೆದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ಎಂಬುದನ್ನು ರಕ್ತದಲ್ಲೇ ತಿಳಿಯುವ ಪರೀಕ್ಷೆ ಬಂದಿದೆ ಎಂದು ಕೇಳಿದ್ದೇವೆ. ಎದೆನೋವಿಗೆ ಟ್ರೋಪೋನಿನ್ ರಕ್ತಪರೀಕ್ಷೆ ಮಾಡುವ ಹಾಗೆ ಇದನ್ನು ಮಾಡಿದ್ದರೆ ಆ ರಾತ್ರಿಯ ಓಡಾಟ ತಪ್ಪುತ್ತಿತ್ತೇ? ಈಗ ಮಾಡಿಸಿದರೆ ಸ್ಕ್ಯಾನಿನಲ್ಲಿ ಕಾಣದ್ದು ಗೊತ್ತಾಗುತ್ತದೆಯೇ? ನಮ್ಮ ತಂದೆಯವರಿಗೆ 70 ದಾಟಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದಾರೆ. ಅವರು ಜಾರಿ ಬಿದ್ದರೆ ಈ ಪರೀಕ್ಷೆಯೊಂದೇ ಸಾಕೇ?

ಉತ್ತರ: ಮೂರು ಪ್ರಶ್ನೆಗಳಿಗೂ ಮೊದಲು ಚುಟುಕಾಗಿ ಉತ್ತರಿಸಿ ಆಮೇಲೆ ಕಾರಣಗಳನ್ನು ಹೇಳುತ್ತೇನೆ. ಆ ರಾತ್ರಿ ಈ ಪರೀಕ್ಷೆ ನಿಮ್ಮ ಕೈಗೆಟುಕಿದ್ದರೂ ಬಳ್ಳಾರಿಯ ಪ್ರಯಾಣ ತಪ್ಪುವ ಸಂಭವ ಮೂರರಲ್ಲಿ ಒಂದು ಪಾಲಿನಷ್ಟೇ ಇತ್ತು. ಮೂರು ವಾರ ಕಳೆದ ಮೇಲೆ ಈಗ ಮಾಡಿಸಿದರೆ ತಮ್ಮನವರ ತಲೆನೋವಿನ ಬಗ್ಗೆ ಅದು ಉಪಯೋಗಕ್ಕೆ ಬರುವ ಯಾವ ಮಾತನ್ನೂ ಹೇಳದು. ಅದಕ್ಕಾಗಿ ಹಣ ಖರ್ಚು ಮಾಡಬೇಡಿ. ತಂದೆಯವರ ವಿಷಯದಲ್ಲಂತೂ ಇದನ್ನು ನೆಚ್ಚಿಕೊಳ್ಳಲೇಬಾರದು. ಹಾಗೆಂದು ಇದು ಕೆಲಸಕ್ಕೆ ಬಾರದ ಪರೀಕ್ಷೆಯಲ್ಲ. ನನ್ನ ಅಭಿಪ್ರಾಯದಲ್ಲಿ, ಸ್ಕ್ಯಾನ್ ಯಂತ್ರ ಪಕ್ಕದ ಕೋಣೆಯಲ್ಲೇ ಇರುವ ನಗರದ ಆಸ್ಪತ್ರೆಗಿಂತ ಸಿಂಧನೂರು, ದೇವದುರ್ಗ, ಕುಷ್ಟಗಿ, ಸಿರುಗುಪ್ಪದಂಥ ಊರುಗಳಿಗೇ ಇದರ ಪ್ರಯೋಜನ ಹೆಚ್ಚು. ಆದರೆ ಅದು ಉತ್ತರಿಸುವ ಪ್ರಶ್ನೆ ಬಹಳ ಕಿರಿದಾದದ್ದು. ತಲೆಗೆ ಪೆಟ್ಟು ಬಿದ್ದಿದ್ದರೂ ಹೆಚ್ಚು ಕಡಿಮೆ ಎಚ್ಚರವಾಗಿಯೇ ಇರುವ ವಯಸ್ಕರಲ್ಲಿ ಯಾರಿಗೆ ಸಿ.ಟಿ. ಸ್ಕ್ಯಾನ್ ಮಾಡದೆ ಬಿಡಬಹುದು ಎಂಬುದಷ್ಟೇ ಆ ಪ್ರಶ್ನೆ. ಬೇರೆ ಪ್ರಶ್ನೆಗಳನ್ನು ಅದರ ಮುಂದಿಟ್ಟರೆ ಸಿಗುವ ಉತ್ತರ ನಂಬಿಕೆಗೆ ಅರ್ಹವಲ್ಲ.

ನೀವು ಟ್ರೋಪೋನಿನ್ ಉದಾಹರಣೆ ಕೊಟ್ಟಿದ್ದೀರಿ, ಅಲ್ಲಿಂದಲೇ ಆರಂಭಿಸೋಣ. ಹೃದಯದ ಸ್ನಾಯುಕೋಶಗಳು ಸತ್ತಾಗ ಅವುಗಳೊಳಗಿನ ಟ್ರೋಪೋನಿನ್ ಸಲೀಸಾಗಿ ರಕ್ತಕ್ಕೆ ಸೇರುತ್ತದೆ, ಆ ಬಗೆಯ ಟ್ರೋಪೋನಿನ್ ದೇಹದ ಬೇರೆ ಭಾಗಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅರ್ಥೈಸುವುದೂ ಸುಲಭ. ಮೆದುಳಿನ ಸ್ಥಿತಿ ಹಾಗಲ್ಲ. ಮೆದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಒಂದು ತಡೆಯನ್ನು ನಿರ್ಮಿಸಿರುತ್ತವೆ. ಆ ತಡೆ ಎಷ್ಟು ಹರಿದಿದೆ, ಮೆದುಳಿನ ಸುತ್ತಲಿನ ನೀರಿನ ಮೂಲಕ ಎಷ್ಟು ಪ್ರೋಟೀನ್ ನಿಧಾನವಾಗಿ ರಕ್ತಕ್ಕೆ ಇಳಿದಿದೆ ಎಂಬುದರ ಮೇಲೆ ನಮಗೆ ಸಿಗುವ ಅಂಕಿ ನಿಂತಿದೆ. ಇದಲ್ಲದೆ ತಲೆಪೆಟ್ಟು ಎಂಬುದು ಒಂದೇ ಕಾಯಿಲೆಯಲ್ಲ. ಮೆದುಳಿನ ಮೇಲ್ಮೈ ಜಜ್ಜಿ ರಕ್ತ ಕಟ್ಟಬಹುದು, ನರಕೋಶಗಳ ಉದ್ದನೆಯ ಎಳೆಗಳು ಜಗ್ಗಿ ಹರಿಯಬಹುದು, ಅಥವಾ ತಲೆಬುರುಡೆಯ ಮೂಳೆಗೂ ಮೆದುಳಿನ ಹೊರಪೊರೆಗೂ ನಡುವೆ ಒಂದು ರಕ್ತನಾಳ ಒಡೆದು ರಕ್ತ ಶೇಖರವಾಗುತ್ತಾ ಹೋಗಬಹುದು. ಈ ಕೊನೆಯ ಬಗೆಯಲ್ಲಿ ಮೊದಲ ಗಂಟೆಗಳಲ್ಲಿ ಮೆದುಳಿನ ಕೋಶಗಳಿಗೆ ಹೆಚ್ಚು ಹಾನಿ ಆಗಿರದೆಯೂ ಇರಬಹುದು. ರೋಗಿ ಮಾತನಾಡುತ್ತಿರುತ್ತಾನೆ, ನೀರು ಕೇಳುತ್ತಾನೆ, ನಂತರ ಹಠಾತ್ತನೆ ಮಂಪರಿಗೆ ಜಾರುತ್ತಾನೆ. ಕೋಶ ಒಡೆದದ್ದನ್ನು ಅಳೆಯುವ ಪರೀಕ್ಷೆ ಇಂಥ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಈ ಕಾರಣಕ್ಕೇ ರಕ್ತಪರೀಕ್ಷೆ ಎಷ್ಟೇ ಸೂಕ್ಷ್ಮವಾದರೂ ರೋಗಿಯ ಮೇಲಿನ ನಿಗಾವನ್ನು ತೆಗೆದುಹಾಕಲಾರದು.

ಈಗ ಬಳಕೆಗೆ ಬಂದಿರುವ ಪರೀಕ್ಷೆಯಲ್ಲಿ ಎರಡು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುತ್ತಾರೆ. ಮೊದಲನೆಯದು ಜಿಎಫ್‌ಎಪಿ, ಅಂದರೆ ಗ್ಲೈಯಲ್ ಫಿಬ್ರಿಲರಿ ಆಸಿಡಿಕ್ ಪ್ರೋಟೀನ್. ನರಕೋಶಗಳಿಗೆ ಆಸರೆಯಾಗಿ ನಿಂತಿರುವ, ನಕ್ಷತ್ರದಾಕಾರದ ಆಸ್ಟ್ರೋಸೈಟ್ ಎಂಬ ಕೋಶಗಳ ಒಳಚೌಕಟ್ಟು ಈ ಪ್ರೋಟೀನಿನ ಎಳೆಗಳಿಂದ ಆಗಿರುತ್ತದೆ. ಅಮೆರಿಕದ ಲಾರೆನ್ಸ್ ಎಂಗ್ ಮತ್ತು ಸಂಗಡಿಗರು 1971ರಲ್ಲಿ ಇದನ್ನು ವರ್ಣಿಸಿದರು. ಆಗ ಅವರು ನೋಡುತ್ತಿದ್ದದ್ದು ಪೆಟ್ಟು ತಿಂದ ಮೆದುಳನ್ನಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಮೆದುಳಿನಲ್ಲಿ ಉಂಟಾಗುವ ಗಟ್ಟಿ ಕಲೆಗಳನ್ನು. ಪೆಟ್ಟು ಬಿದ್ದಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿ, ಕ್ಯಾಲ್ಪೈನ್ ಎಂಬ ಕಿಣ್ವ ಚುರುಕಾಗಿ, ಈ ಎಳೆಗಳನ್ನು ತುಂಡರಿಸುತ್ತದೆ. ಇಡೀ ಪ್ರೋಟೀನಿನ ಜೊತೆಗೆ ಆ ತುಂಡುಗಳೂ ರಕ್ತದಲ್ಲಿ ಸಿಗುತ್ತವೆ. ಎರಡನೆಯದು ಯುಸಿಎಚ್-ಎಲ್1. ಇದು ಮುಖ್ಯವಾಗಿ ನರಕೋಶಗಳೊಳಗೆ ಇರುವ ಕಿಣ್ವ. ಸವೆದ ಪ್ರೋಟೀನುಗಳನ್ನು ವಿಲೇವಾರಿ ಮಾಡುವ ವ್ಯವಸ್ಥೆಯ ಭಾಗ. ಒಂದು ಆಸರೆಕೋಶದ ಸುದ್ದಿ ಹೇಳಿದರೆ ಇನ್ನೊಂದು ನರಕೋಶದ ಸುದ್ದಿ ಹೇಳುತ್ತದೆ ಎಂಬ ಲೆಕ್ಕಾಚಾರದಲ್ಲಿ ಇವೆರಡನ್ನು ಜೋಡಿ ಮಾಡಿದ್ದಾರೆ. ಎರಡರಲ್ಲಿ ಯಾವುದೇ ಒಂದು ನಿಗದಿತ ಮಟ್ಟವನ್ನು ಮೀರಿದರೂ ಫಲಿತಾಂಶ ಪಾಸಿಟಿವ್. ಎರಡೂ ಮಟ್ಟದ ಕೆಳಗಿದ್ದರೆ ಮಾತ್ರ ನೆಗೆಟಿವ್.

ಆ ಮಟ್ಟಗಳು ಎಷ್ಟು ಸಣ್ಣವೆಂದರೆ, ಮೊದಲು ಅನುಮತಿ ಪಡೆದ ಪರೀಕ್ಷೆಯಲ್ಲಿ ಜಿಎಫ್‌ಎಪಿಗೆ ಒಂದು ಮಿಲಿಲೀಟರಿಗೆ 22 ಪಿಕೋಗ್ರಾಂ, ಯುಸಿಎಚ್-ಎಲ್1ಗೆ 327 ಪಿಕೋಗ್ರಾಂ. ಒಂದು ಗ್ರಾಂನ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಿಕೋಗ್ರಾಂ. ಇಷ್ಟು ಕಡಿಮೆ ಪ್ರಮಾಣವನ್ನು ಹಿಡಿಯಲು, ಆ ಪ್ರೋಟೀನಿಗೇ ಅಂಟುವ ಎರಡು ಪ್ರತಿಕಾಯಗಳನ್ನು ಬಳಸುತ್ತಾರೆ: ಒಂದು ಪ್ರೋಟೀನನ್ನು ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಅದರ ಮೇಲೆ ಕುಳಿತು ಬೆಳಕಿನ ಅಥವಾ ವಿದ್ಯುತ್ತಿನ ಸಂಕೇತ ಕೊಡುತ್ತದೆ. ಥೈರಾಯ್ಡ್ ಪರೀಕ್ಷೆ ಮಾಡುವ ಯಂತ್ರಗಳ ತತ್ತ್ವವೂ ಇದೇ. ತತ್ತ್ವ ಹಳೆಯದು, ಪಿಕೋಗ್ರಾಂ ಮಟ್ಟಕ್ಕೆ ಇಳಿದು ನಂಬಿಕೆಯಿಂದ ಅಳೆಯುವ ಸಾಮರ್ಥ್ಯ ಹೊಸದು.

ಈ ಜೋಡಿ ಪರೀಕ್ಷೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಅನುಮತಿ ಕೊಟ್ಟಿತು. ಅದಕ್ಕೆ ಆಧಾರವಾದ ಅಲರ್ಟ್-ಟಿಬಿಐ ಎಂಬ ಅಧ್ಯಯನ ಅದೇ ವರ್ಷ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಯುರೋಪಿನ 22 ಕೇಂದ್ರಗಳಲ್ಲಿ, ಪೆಟ್ಟು ಬಿದ್ದ 12 ಗಂಟೆಯೊಳಗೆ ರಕ್ತ ಕೊಟ್ಟ 1,959 ವಯಸ್ಕರ ಫಲಿತಾಂಶಗಳನ್ನು ಅವರವರ ಸಿ.ಟಿ. ಸ್ಕ್ಯಾನ್ ಜೊತೆ ಹೋಲಿಸಿದರು. ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪರೀಕ್ಷೆಯ ಶಕ್ತಿಯೂ ಮಿತಿಯೂ ಇಲ್ಲೇ ಇದೆ. ಅಷ್ಟು ಜನರಲ್ಲಿ ಸ್ಕ್ಯಾನಿನಲ್ಲಿ ತಲೆಯೊಳಗೆ ಗಾಯ ಕಂಡದ್ದು 125 ಮಂದಿಗೆ ಮಾತ್ರ. ಅದರಲ್ಲೂ ನರಶಸ್ತ್ರಚಿಕಿತ್ಸಕರ ಕೈ ಬೇಕಾಗುವಂಥ ಗಾಯ ಇದ್ದದ್ದು 8 ಮಂದಿಗೆ. ಗಾಯವಿದ್ದ 125 ಮಂದಿಯಲ್ಲಿ 122 ಮಂದಿಯನ್ನು ರಕ್ತಪರೀಕ್ಷೆ ಹಿಡಿಯಿತು, 3 ಮಂದಿಯನ್ನು ಬಿಟ್ಟಿತು. ನೆಗೆಟಿವ್ ಬಂದವರು ಒಟ್ಟು 671. ಅವರಲ್ಲಿ 668 ಮಂದಿಯ ಸ್ಕ್ಯಾನ್ ನಿಜವಾಗಿಯೂ ಸರಿಯಾಗಿತ್ತು. ಆದ್ದರಿಂದ ‘ನೆಗೆಟಿವ್ ಬಂದರೆ ಸ್ಕ್ಯಾನಿನಲ್ಲಿ ಏನೂ ಇರುವುದಿಲ್ಲ’ ಎಂಬ ಮಾತು ನೂರಕ್ಕೆ 99.6ರಷ್ಟು ನಿಜವಾಯಿತು.

ಇನ್ನೊಂದು ಮಗ್ಗುಲನ್ನು ನೋಡಿ. ಪಾಸಿಟಿವ್ ಬಂದವರು 1,288 ಮಂದಿ. ಅವರಲ್ಲಿ ಸ್ಕ್ಯಾನಿನಲ್ಲಿ ಗಾಯ ಇದ್ದವರು 122, ಏನೂ ಕಾಣದವರು 1,166. ಅಂದರೆ ಪಾಸಿಟಿವ್ ಎಂಬ ಚೀಟಿ ಹಿಡಿದು ಸ್ಕ್ಯಾನ್ ಕೋಣೆಗೆ ಹೋದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯ ಚಿತ್ರದಲ್ಲಿ ಏನೂ ಇರುವುದಿಲ್ಲ. ಇದು ಜರಡಿಯ ಕೆಲಸ: ಕೆಳಗೆ ಉದುರಿದ್ದನ್ನು ಧೈರ್ಯವಾಗಿ ಬಿಡಬಹುದು, ಮೇಲೆ ನಿಂತದ್ದೆಲ್ಲ ಕಲ್ಲೇ ಆಗಿರಬೇಕಿಲ್ಲ. ‘ರಕ್ತಪರೀಕ್ಷೆ ಪಾಸಿಟಿವ್, ಮೆದುಳಿಗೆ ಪೆಟ್ಟಾಗಿದೆ’ ಎಂದು ಮನೆಯವರಿಗೆ ಹೇಳಿ ಗಾಬರಿಪಡಿಸುವುದು ಈ ಕಾರಣಕ್ಕೇ ತಪ್ಪು. ನಿಮ್ಮ ತಮ್ಮನವರ ಓಡಾಟದ ಬಗ್ಗೆ ನಾನು ಹೇಳಿದ ‘ಮೂರರಲ್ಲಿ ಒಂದು ಪಾಲು’ ಬಂದದ್ದೂ ಇಲ್ಲಿಂದಲೇ: ಆ ಅಧ್ಯಯನದಲ್ಲಿ ನೆಗೆಟಿವ್ ಬಂದು ಸ್ಕ್ಯಾನ್ ಬಿಡಬಹುದಾಗಿದ್ದವರು ಸುಮಾರು ಶೇ 34. ಅಲ್ಲಿನ ಜನರ ಅಂಕಿಗಳನ್ನು ನಮ್ಮ ರಸ್ತೆಗಳ ಅಪಘಾತಗಳಿಗೆ ಹಾಗೆ ಹಾಗೇ ಅನ್ವಯಿಸಲಾಗದು ಎಂಬುದನ್ನೂ ಸೇರಿಸಬೇಕು. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರೇ ಹೆಚ್ಚಾಗಿರುವ ಕಡೆ ಗಾಯವಿರುವವರ ಪಾಲೂ ಹೆಚ್ಚಾಗಿರುತ್ತದೆ. ಆಗ ನೆಗೆಟಿವ್ ಫಲಿತಾಂಶದ ಭರವಸೆ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ಶೇ 34 ಎಂಬುದು ಚಿಕ್ಕ ಸಂಖ್ಯೆಯೇ? ಬಳ್ಳಾರಿಯಲ್ಲಿ ಕುಳಿತು ನೋಡಿದರೆ ಚಿಕ್ಕದು. ಕಾರಿಡಾರಿನಲ್ಲಿ ಟ್ರಾಲಿ ತಳ್ಳಿಕೊಂಡು ಹೋದರೆ ಸ್ಕ್ಯಾನ್ ಮುಗಿಯುವ ಕಡೆ, ತಲೆಯ ಸಿ.ಟಿ.ಯಿಂದ ತಗಲುವ ವಿಕಿರಣವೂ ಸುಮಾರು 2 ಮಿಲಿಸೀವರ್ಟ್‌ನಷ್ಟೇ ಆಗಿರುವಾಗ, ಹದಿನೈದು ನಿಮಿಷ ರಕ್ತದ ಫಲಿತಾಂಶಕ್ಕೆ ಕಾಯುವುದರಿಂದ ದೊಡ್ಡ ಲಾಭವಿಲ್ಲ. ಸಿಂಧನೂರಿನಿಂದ ರಾಯಚೂರಾದರೂ ಬಳ್ಳಾರಿಯಾದರೂ 80–90 ಕಿಲೋಮೀಟರ್. ರಾತ್ರಿ ಹೊತ್ತು ಬಾಡಿಗೆ ಕಾರು, ಜೊತೆಗೆ ಇಬ್ಬರು ಮೂವರು, ಮರುದಿನದ ಕೂಲಿ, ಅಲ್ಲಿ ಹೊರಗಿನ ಊಟ ಎಲ್ಲವನ್ನೂ ಲೆಕ್ಕ ಹಾಕಿದರೆ, ನೂರು ಮಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ತಮ್ಮ ತಾಲ್ಲೂಕಿನಲ್ಲೇ ನಿಗಾದಲ್ಲಿ ಉಳಿಯಬಹುದು ಎಂಬುದು ಸಣ್ಣ ಮಾತಲ್ಲ. ಅದರ ಜೊತೆಗೆ, ಜಿಲ್ಲಾ ಕೇಂದ್ರದ ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ಅಷ್ಟು ಜಾಗ ನಿಜವಾಗಿ ಬೇಕಾದವರಿಗೆ ಉಳಿಯುತ್ತದೆ.

ಆದರೆ ಒಂದು ವಿಷಯದಲ್ಲಿ ನಾನು ಖಡಾಖಂಡಿತ: ಸೂಜಿಗಿಂತ ಮೊದಲು ವೈದ್ಯರ ಕಣ್ಣು. ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ರೂಪಿಸಿದ, ಎಚ್ಚರದ ಮಟ್ಟಕ್ಕೆ ‘ಗ್ಲಾಸ್ಗೋ ಅಂಕ’ ಕೊಡುವ ಅಳತೆಪಟ್ಟಿಯನ್ನು ಇಂದಿಗೂ ಎಲ್ಲ ಕ್ಯಾಜುವಾಲ್ಟಿಗಳಲ್ಲಿ ಬಳಸುತ್ತಾರೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6 ಅಂಕ. ಒಟ್ಟು 15, ಕನಿಷ್ಠ 3. ಬಿದ್ದು ಬಂದ ಹುಡುಗ ಕಣ್ಣು ಬಿಟ್ಟುಕೊಂಡಿದ್ದಾನೆ, ಎರಡು ಬೆರಳು ತೋರಿಸು ಎಂದರೆ ತೋರಿಸುತ್ತಾನೆ. ‘ಯಾವೂರಪ್ಪ?’ ಎಂದರೆ ಊರ ಹೆಸರು ಹೇಳುತ್ತಾನೆ. ‘ಇವತ್ತು ಯಾವ ವಾರ?’ ಎಂದರೆ ಗುರುವಾರದ ದಿನ ಸೋಮವಾರ ಎನ್ನುತ್ತಾನೆ. ಅಣ್ಣ ಪಕ್ಕದಲ್ಲಿ ನಿಂತು ತಿದ್ದಿದರೂ ಎರಡು ನಿಮಿಷ ಬಿಟ್ಟು ಮತ್ತೆ ಸೋಮವಾರ ಎನ್ನುತ್ತಾನೆ. ಮಾತಿಗೆ ಒಂದು ಅಂಕ ಹೋಯಿತು, ಒಟ್ಟು 14. ಆ ಒಂದು ಅಂಕ ಎರಡು ಗಂಟೆಯೊಳಗೆ ಮರಳಿ ಬರುತ್ತದೆಯೇ ಎಂಬುದು ಯಾವ ಯಂತ್ರದ ಅಂಕಿಗೂ ಕಡಿಮೆಯಲ್ಲದ ಸಾಕ್ಷಿ. 2001ರಲ್ಲಿ ಕೆನಡಾದ ವೈದ್ಯರು ರೂಪಿಸಿದ, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ, ಯಾರಿಗೆ ಸಿ.ಟಿ. ಬೇಕು ಎಂದು ಹೇಳುವ ನಿಯಮದಲ್ಲಿ ಇದೇ ಮೊದಲ ಅಂಶ. ಎರಡು ಅಥವಾ ಹೆಚ್ಚು ಸಲ ವಾಂತಿ, 65 ಅಥವಾ ಅದಕ್ಕಿಂತ ಹೆಚ್ಚು ವಯಸ್ಸು, ಬುರುಡೆ ಒಳಗೆ ತಗ್ಗಾಗಿರುವ ಅನುಮಾನ, ಎರಡೂ ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪಗೆ ಕಟ್ಟಿರುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರುವುದು, ಬೀಳುವುದಕ್ಕೆ ಮೊದಲಿನ ಅರ್ಧ ಗಂಟೆ ನೆನಪೇ ಇಲ್ಲದಿರುವುದು, ವಾಹನ ಬಡಿದ ಪಾದಚಾರಿ ಅಥವಾ ವಾಹನದಿಂದ ಹೊರಕ್ಕೆ ಎಸೆಯಲ್ಪಟ್ಟವರು: ಇವೆಲ್ಲ ಸಿ.ಟಿ.ಗೆ ಕಳಿಸುವ ಕಾರಣಗಳು. ಮಂಪರು ಹೆಚ್ಚುತ್ತಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿದ್ದರೆ, ಫಿಟ್ಸ್ ಬಂದರೆ, ಒಂದು ಕಡೆಯ ಕೈಕಾಲು ಸೋತರೆ ರಕ್ತ ತೆಗೆದು ಫಲಿತಾಂಶಕ್ಕೆ ಕಾಯುವುದೇ ಅಪರಾಧ. 108 ಕರೆಸಿ ಕಳಿಸಬೇಕು. ಎಚ್ಚರ ತಪ್ಪಿದ್ದ, ಬೈಕಿನಿಂದ ಬಿದ್ದ ಯುವಕನನ್ನು ಆ ರಾತ್ರಿ ಬಳ್ಳಾರಿಗೆ ಬರೆದುಕೊಟ್ಟ ವೈದ್ಯರನ್ನು ನಾನಂತೂ ತಪ್ಪೆನ್ನಲಾರೆ.

ಕುಡಿದು ಬಿದ್ದವರ ವಿಷಯದಲ್ಲಿ ಮಾತ್ರ ಈ ತಪಾಸಣೆ ಕೈಕೊಡುತ್ತದೆ, ಏಕೆಂದರೆ ತೊದಲು ಮಾತು ಅಮಲಿನದೋ ಪೆಟ್ಟಿನದೋ ಹೇಳುವುದು ಕಷ್ಟ. ಅಂಥವರನ್ನು ‘ಕುಡಿದಾನೆ, ಮಲಗಲಿ ಬಿಡಿ’ ಎಂದು ಬೆಂಚಿನ ಮೇಲೆ ಬಿಡುವ ಅಭ್ಯಾಸ ನಮ್ಮಲ್ಲಿ ಇದ್ದೇ ಇದೆ, ಅದು ಪ್ರಾಣಕ್ಕೆ ಎರವಾಗುವ ಅಭ್ಯಾಸ.

ಇನ್ನು ಹೊತ್ತಿನ ಪ್ರಶ್ನೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೆಟ್ಟು ತಿಂದವರ ರಕ್ತವನ್ನು ಒಂದು ವಾರದವರೆಗೆ ಮತ್ತೆ ಮತ್ತೆ ತೆಗೆದು ನೋಡಿದರು. ಎರಡೂ ಪ್ರೋಟೀನುಗಳು ಒಂದು ಗಂಟೆಯೊಳಗೇ ಕಾಣಿಸಿಕೊಂಡವು. ಯುಸಿಎಚ್-ಎಲ್1 ಸುಮಾರು 8 ಗಂಟೆಗೆ ತುದಿಗೇರಿ ಎರಡು ದಿನದಲ್ಲಿ ಬೇಗ ಬೇಗ ಇಳಿಯಿತು. ಜಿಎಫ್‌ಎಪಿ ಸುಮಾರು 20 ಗಂಟೆಗೆ ತುದಿಗೇರಿ, ಮೂರು ದಿನಗಳಲ್ಲಿ ನಿಧಾನವಾಗಿ ಇಳಿಯಿತು. ನಮ್ಮ ಭಾಗಕ್ಕೆ ಇದು ಅನುಕೂಲದ ಸಂಗತಿ. ಸಂಜೆ ಬಿದ್ದವನು ಬೆಳಿಗ್ಗೆ ಆಸ್ಪತ್ರೆಗೆ ಬರುವುದು ಇಲ್ಲಿ ಅಪರೂಪವಲ್ಲ, ಆಗಲೂ ಜಿಎಫ್‌ಎಪಿ ರಕ್ತದಲ್ಲಿ ಇರುತ್ತದೆ.

ಯುರೋಪಿನಲ್ಲಿ ಇದಕ್ಕೂ ಮೊದಲೇ ಬಳಕೆಗೆ ಬಂದ ಎಸ್100ಬಿ ಎಂಬ ಪ್ರೋಟೀನಿಗೆ ಈ ಅನುಕೂಲವಿಲ್ಲ. ಸ್ಕ್ಯಾಂಡಿನೇವಿಯದ 2013ರ ಮಾರ್ಗಸೂಚಿ, ಆಯ್ದ ಕೆಲವು ರೋಗಿಗಳಲ್ಲಿ ಪೆಟ್ಟು ಬಿದ್ದ 6 ಗಂಟೆಯೊಳಗೆ ಇದು ಲೀಟರಿಗೆ 0.10 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸ್ಕ್ಯಾನ್ ಇಲ್ಲದೆ ಮನೆಗೆ ಕಳಿಸಬಹುದು ಎನ್ನುತ್ತದೆ. ಆದರೆ ಎಸ್100ಬಿ ಮೆದುಳಿನಲ್ಲಷ್ಟೇ ಅಲ್ಲ, ಕೊಬ್ಬು, ಮೃದ್ವಸ್ಥಿ, ಚರ್ಮದ ಬಣ್ಣದ ಕೋಶಗಳಲ್ಲೂ ಇದೆ. ಬೈಕಿನಿಂದ ಬಿದ್ದವನ ಕಾಲು ಮುರಿದಿದ್ದರೆ ತಲೆಗೆ ಏನೂ ಆಗದಿದ್ದರೂ ಅದು ಏರಬಹುದು. ಆರೋಗ್ಯವಂತರಲ್ಲೇ ಕಪ್ಪುವರ್ಣೀಯರು ಮತ್ತು ಏಷ್ಯಾದವರ ಮಟ್ಟ ಬಿಳಿಯರಿಗಿಂತ ಹೆಚ್ಚು ಎಂದು 2003ರಲ್ಲೇ ವರದಿಯಾಗಿದೆ. ಸ್ವೀಡನ್ನಿನ ಜನರಿಗೆ ಹೊಂದುವ ಗೆರೆಯನ್ನು ರಾಯಚೂರಿನ ಬಿಸಿಲಿನಲ್ಲಿ ದುಡಿಯುವವರ ಮೇಲೆ ಎಳೆದರೆ ಸುಮ್ಮನೆ ಪಾಸಿಟಿವ್‌ಗಳ ಸಂಖ್ಯೆ ಬೆಳೆಯುತ್ತದೆ. ನ್ಯೂರಾನ್ ಸ್ಪೆಸಿಫಿಕ್ ಇನೋಲೇಸ್ ಎಂಬ ಇನ್ನೊಂದು ಹಳೆಯ ಸೂಚಕದ್ದು ಬೇರೆಯೇ ತೊಂದರೆ: ಅದು ಕೆಂಪು ರಕ್ತಕಣಗಳಲ್ಲೂ ಇರುವುದರಿಂದ, ರಕ್ತ ತೆಗೆಯುವಾಗ ಅಥವಾ ಸಾಗಿಸುವಾಗ ಕಣಗಳು ಒಡೆದರೆ ಅಂಕಿ ಕೆಡುತ್ತದೆ. ಟಾವ್, ಮೈಕ್ರೋ ಆರ್‌ಎನ್‌ಎ ಮೊದಲಾದ ಬೇರೆ ಸೂಚಕಗಳು ಇನ್ನೂ ಸಂಶೋಧನೆಯ ಮೇಜಿನ ಮೇಲೇ ಇವೆ. ನಿಮ್ಮ ಪ್ರಶ್ನೆಗೆ ಅವುಗಳ ಅಗತ್ಯವಿಲ್ಲ.

ಜಿಎಫ್‌ಎಪಿಯೂ ದೋಷರಹಿತವೇನಲ್ಲ. ವಯಸ್ಸಾದಂತೆ ಅದರ ಮಟ್ಟ ತಾನಾಗಿಯೇ ಏರುತ್ತದೆ; ಮೆದುಳಿನ ರಕ್ತಸ್ರಾವದ ಪಾರ್ಶ್ವವಾಯುವಿನಲ್ಲೂ ಕೆಲವು ಮೆದುಳುಗಡ್ಡೆಗಳಲ್ಲೂ ಏರುತ್ತದೆ. ಮಕ್ಕಳಿಗೆ ಈ ಪರೀಕ್ಷೆ ಅಲ್ಲವೇ ಅಲ್ಲ: ಅನುಮತಿ ಇರುವುದು 18 ವರ್ಷ ತುಂಬಿದವರಿಗೆ.

ಯಂತ್ರದ ಕಥೆ ವೇಗವಾಗಿ ಬದಲಾಗಿದೆ. 2018ರ ಮೊದಲ ಪರೀಕ್ಷೆಗೆ ಪ್ರಯೋಗಾಲಯದಲ್ಲಿ ಮೂರು ನಾಲ್ಕು ಗಂಟೆ ಬೇಕಿತ್ತು, ಅಷ್ಟು ಹೊತ್ತಿಗೆ ಯಾರಾದರೂ ಸ್ಕ್ಯಾನ್ ಮುಗಿಸಿರುತ್ತಾರೆ. 2021ರ ಜನವರಿಯಲ್ಲಿ ಅಬಾಟ್ ಕಂಪನಿಯ ಕೈಯಲ್ಲಿ ಹಿಡಿಯುವ ಐ-ಸ್ಟ್ಯಾಟ್ ಯಂತ್ರಕ್ಕೆ ಅನುಮತಿ ಸಿಕ್ಕಿತು. ಫಲಿತಾಂಶ ಸುಮಾರು 15 ನಿಮಿಷಕ್ಕೆ ಬಂದರೂ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಅದರ ದ್ರವಭಾಗವಾದ ಪ್ಲಾಸ್ಮಾವನ್ನು ಬೇರೆ ಮಾಡಬೇಕಿತ್ತು. 2024ರ ಏಪ್ರಿಲ್‌ನಲ್ಲಿ ಅನುಮತಿ ಪಡೆದ ಆವೃತ್ತಿಯಲ್ಲಿ ಅಭಿಧಮನಿಯಿಂದ ತೆಗೆದ ರಕ್ತವನ್ನು ಯಂತ್ರದೊಳಗೆ ಸೇರಿಸುವ ಕಾರ್ಟ್ರಿಜ್ ಎಂಬ ಸಣ್ಣ ಪೆಟ್ಟಿಗೆಗೆ ನೇರವಾಗಿ ಹಾಕಿದರೆ ಸಾಕು. ಪೆಟ್ಟು ಬಿದ್ದ 24 ಗಂಟೆಯವರೆಗೆ, ಗ್ಲಾಸ್ಗೋ ಅಂಕ 13ರಿಂದ 15 ಇರುವ ವಯಸ್ಕರಲ್ಲಿ ಬಳಸಬಹುದು. ಪ್ರಯೋಗಾಲಯದವರು ಮನೆಗೆ ಹೋದ ಮೇಲೆ ರಾತ್ರಿ ಪಾಳಿಯ ನರ್ಸ್ ಒಬ್ಬರೇ ನಡೆಸಬಹುದಾದ ಪರೀಕ್ಷೆ ಎಂದರೆ ಇದು. ತಾಲ್ಲೂಕು ಆಸ್ಪತ್ರೆಗೆ ಹೊಂದುವ ರೂಪ ಇದೇ, ಆದರೂ ಇಲ್ಲಿ ಒಂದು ಅಡ್ಡಿಯಿದೆ. ಕಾರ್ಟ್ರಿಜ್‌ಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಯಂತ್ರ ಕೆಲಸ ಮಾಡುವುದು 16ರಿಂದ 30 ಡಿಗ್ರಿ ಉಷ್ಣಾಂಶದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟಿ, ಕರೆಂಟ್ ಹೋದಾಗ ಕೋಣೆಯೊಳಗೂ 35ರ ಮೇಲಿರುವ ನಮ್ಮ ಊರುಗಳಲ್ಲಿ, ಎ.ಸಿ. ಮತ್ತು ಬ್ಯಾಟರಿ ಬ್ಯಾಕಪ್ ಇಲ್ಲದೆ ಬರೀ ಯಂತ್ರ ತಂದಿಟ್ಟರೆ ಅದು ಬೀರುವಿನೊಳಗೆ ಸೇರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕ್ಯಾಜುವಾಲ್ಟಿಗಳಲ್ಲಿ ಇಂದು ಇದು ದಿನನಿತ್ಯದ ಪರೀಕ್ಷೆಯಲ್ಲ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಜನರಲ್ಲಿ ಯಾವ ಮಟ್ಟಕ್ಕೆ ಗೆರೆ ಎಳೆಯಬೇಕು ಎಂಬುದನ್ನು ಸ್ಕ್ಯಾನ್ ಜೊತೆ ಹೋಲಿಸಿ ಇಲ್ಲಿಯೇ ಮೊದಲು ಪರೀಕ್ಷಿಸಿ, ಆಮೇಲೆ ತಾಲ್ಲೂಕುಗಳಿಗೆ ಇಳಿಸುವುದು ಸರಿಯಾದ ಕ್ರಮವೆಂದು ನನಗೆ ತೋರುತ್ತದೆ.

ಈಗ ನಿಮ್ಮ ತಮ್ಮನವರ ತಲೆನೋವಿಗೆ ಬರೋಣ. ‘ಸ್ಕ್ಯಾನ್ ನಾರ್ಮಲ್’ ಎಂದರೆ ರಕ್ತಸ್ರಾವ, ಮೂಳೆ ಮುರಿತ, ಒತ್ತಡ ಇಲ್ಲ ಎಂದರ್ಥ. ಮೆದುಳಿಗೆ ಏನೂ ಆಗಿಲ್ಲ ಎಂದಲ್ಲ. ಅಮೆರಿಕದ ಟ್ರ್ಯಾಕ್-ಟಿಬಿಐ ಅಧ್ಯಯನದ ತಂಡ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಿ.ಟಿ. ನಾರ್ಮಲ್ ಇದ್ದ 450 ಮಂದಿಗೆ ಒಂದೆರಡು ವಾರಗಳಲ್ಲಿ ಎಂ.ಆರ್.ಐ. ಮಾಡಿ ನೋಡಿದಾಗ 120 ಮಂದಿಯಲ್ಲಿ ಸಣ್ಣ ಗಾಯಗಳು ಕಂಡವು. ಅವರಿಗೆ ಪೆಟ್ಟು ಬಿದ್ದ 24 ಗಂಟೆಯೊಳಗೆ ತೆಗೆದ ರಕ್ತದಲ್ಲಿ ಜಿಎಫ್‌ಎಪಿ ಮಟ್ಟದ ಮಧ್ಯಾಂಕ (ಅರ್ಧ ಜನರ ಮಟ್ಟ ಇದಕ್ಕಿಂತ ಮೇಲೆ, ಅರ್ಧ ಜನರದು ಕೆಳಗೆ ಇರುವ ಅಂಕಿ) ಮಿಲಿಲೀಟರಿಗೆ 414 ಪಿಕೋಗ್ರಾಂ ಇತ್ತು, ಎಂ.ಆರ್.ಐ.ಯೂ ನಾರ್ಮಲ್ ಇದ್ದವರಲ್ಲಿ 74. ಅಂದಮೇಲೆ ಮೇಲೆ ಹೇಳಿದ 1,166 ‘ಸುಳ್ಳು’ ಪಾಸಿಟಿವ್‌ಗಳಲ್ಲಿ ಒಂದು ಪಾಲು ಸುಳ್ಳೇ ಅಲ್ಲ, ಸಿ.ಟಿ.ಯ ಕಣ್ಣಿಗೆ ಬೀಳದ ನಿಜವಾದ ಗಾಯ ಇರಬೇಕು. ನೀವು ಕೇಳಿರುವ ‘ಸ್ಕ್ಯಾನಿನಲ್ಲಿ ಕಾಣದ್ದು’ ಎಂಬುದಕ್ಕೆ ಆಧಾರ ಇದೇ. ಆದರೆ ಗಮನಿಸಿ, ಆ ರಕ್ತ ಮೊದಲ ದಿನದ್ದು. ಮೂರು ವಾರದ ಹೊತ್ತಿಗೆ ಜಿಎಫ್‌ಎಪಿ, ಯುಸಿಎಚ್-ಎಲ್1 ಎರಡೂ ಬಹುತೇಕ ತಮ್ಮ ಸಹಜ ಮಟ್ಟಕ್ಕೆ ಮರಳಿರುತ್ತವೆ. ಈಗ ಕಡಿಮೆ ಬಂದರೆ ಆಗ ಗಾಯ ಇರಲಿಲ್ಲ ಎಂದು ಹೇಳಲಾಗದು. ನ್ಯೂರೋಫಿಲಮೆಂಟ್ ಲೈಟ್ ಎಂಬ ಇನ್ನೊಂದು ಪ್ರೋಟೀನ್ ವಾರಗಟ್ಟಲೆ ಏರಿಯೇ ಇರಬಹುದು, ಆದರೆ ಅದರ ಅಂಕಿ ನೋಡಿ ಬದಲಾಯಿಸಬೇಕಾದ ಚಿಕಿತ್ಸೆ ಯಾವುದೂ ಇಲ್ಲ. ಮೊದಲ ದಿನದ ಅಂಕಿಯೂ ಸಾವು ಅಥವಾ ತೀವ್ರ ಅಂಗವಿಕಲತೆಯ ಅಪಾಯವನ್ನು ಚೆನ್ನಾಗಿ ಸೂಚಿಸುತ್ತದೆಯೇ ಹೊರತು, ತಲೆನೋವು, ಮರೆವು ಯಾರಿಗೆ ಉಳಿಯುತ್ತದೆ ಎಂಬುದನ್ನು ಹೇಳುವುದರಲ್ಲಿ ದುರ್ಬಲ ಎಂದು ಅದೇ ತಂಡದ 2022ರ ವರದಿ ತೋರಿಸಿದೆ.

ತಮ್ಮನವರಿಗೆ ಈಗ ಬೇಕಾದದ್ದು ಒಬ್ಬ ವೈದ್ಯರ ಮರುತಪಾಸಣೆ. ತಲೆನೋವು, ಮರೆವು, ನಿದ್ದೆಗೇಡು, ಬೆಳಕು ಮತ್ತು ಗದ್ದಲ ಸಹಿಸಲಾಗದಿರುವುದು, ಸಿಡುಕು ಇವೆಲ್ಲ ಇಂಥ ಪೆಟ್ಟಿನ ನಂತರ ವಾರಗಳವರೆಗೆ ಇದ್ದು, ಬಹುಪಾಲು ಜನರಲ್ಲಿ ಮೂರು ತಿಂಗಳೊಳಗೆ ಇಳಿಯುತ್ತವೆ. ಮೊದಲ ಒಂದೆರಡು ದಿನ ಕಳೆದ ಮೇಲೆ ಪೂರ್ತಿ ಮಲಗಿಸಿಡುವ ಅಗತ್ಯವಿಲ್ಲ. ತಲೆನೋವು ಹೆಚ್ಚಾಗದಷ್ಟು ಕೆಲಸವನ್ನು ದಿನದಿಂದ ದಿನಕ್ಕೆ ಏರಿಸಲಿ. ಲಕ್ಷಣಗಳು ಪೂರ್ತಿ ಹೋಗುವವರೆಗೆ ಟ್ರ್ಯಾಕ್ಟರ್, ಬೈಕ್ ಓಡಿಸುವುದು ಬೇಡ, ಮದ್ಯ ಬೇಡ. ದಿನವೂ ನೋವಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಏಕೆಂದರೆ ವಾರಗಟ್ಟಲೆ ನುಂಗಿದ ನೋವಿನ ಮಾತ್ರೆಯೇ ತಲೆನೋವನ್ನು ಉಳಿಸಬಲ್ಲದು. ತಲೆನೋವು ದಿನೇ ದಿನೇ ಏರುತ್ತಿದ್ದರೆ, ಬೆಳಿಗ್ಗೆ ಎದ್ದೊಡನೆ ವಾಂತಿಯಾಗುತ್ತಿದ್ದರೆ, ನಡಿಗೆ ತೂರಾಡಿದರೆ ಅಥವಾ ಮಂಕು ಕವಿದರೆ ರಕ್ತಪರೀಕ್ಷೆಯ ಯೋಚನೆ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ.

ಕೊನೆಗೆ ತಂದೆಯವರ ಪ್ರಶ್ನೆ. 65 ದಾಟಿದವರಿಗೆ ತಲೆಗೆ ಪೆಟ್ಟು ಬಿದ್ದು ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿದ್ದರೆ, ಗೊಂದಲ ಅಥವಾ ಮರೆವು ಕಂಡಿದ್ದರೆ ಸಿ.ಟಿ. ಮಾಡಿಸಬೇಕು. ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರಲ್ಲಿ ಈ ಲಕ್ಷಣಗಳು ಇಲ್ಲದಿದ್ದರೂ ಸ್ಕ್ಯಾನ್ ಮಾಡಿಸುವುದೇ ಕ್ಷೇಮ. ಕೆನಡಾದ ನಿಯಮವೂ ವಾರ್ಫರಿನ್‌ನಂಥ ಔಷಧಿ ತೆಗೆದುಕೊಳ್ಳುವವರನ್ನು ತನ್ನ ಲೆಕ್ಕದಿಂದಲೇ ಹೊರಗಿಟ್ಟಿದೆ. ವಯಸ್ಸಾದವರಲ್ಲಿ ಜಿಎಫ್‌ಎಪಿ ಸಹಜವಾಗಿಯೇ ಹೆಚ್ಚಿರುವುದರಿಂದ ಪರೀಕ್ಷೆ ಹೇಗೂ ಪಾಸಿಟಿವ್ ಬರುವ ಸಂಭವವೇ ಹೆಚ್ಚು, ಆಗ ಸ್ಕ್ಯಾನ್ ಅನಿವಾರ್ಯ. ಇನ್ನೊಂದು ಅಪಾಯವಿದೆ. ವಯಸ್ಸಾದವರ ಮೆದುಳು ಕೊಂಚ ಕುಗ್ಗಿರುವುದರಿಂದ ಹೊರಪೊರೆಯ ಕೆಳಗಿನ ಸಣ್ಣ ರಕ್ತನಾಳಗಳು ಸಣ್ಣ ಪೆಟ್ಟಿಗೂ ಹರಿದು, ರಕ್ತ ಹನಿಹನಿಯಾಗಿ ಸೇರಿ, ಎರಡು ಮೂರು ವಾರದ ನಂತರ ಮಂಕು, ತಪ್ಪು ಹೆಜ್ಜೆ, ಮಾತಿನ ತಡವರಿಕೆ ಕಾಣಿಸಬಹುದು. 24 ಗಂಟೆಯ ಲೆಕ್ಕದ ಪರೀಕ್ಷೆ ಇದಕ್ಕೆ ಉತ್ತರವಲ್ಲ. ಅವರು ಬಿದ್ದರೆ ಮಾತ್ರೆಯ ಸ್ಟ್ರಿಪ್‌ಗಳನ್ನೂ ಸ್ಟೆಂಟ್ ಹಾಕಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೂ ಕೈಯಲ್ಲಿ ಹಿಡಿದೇ ಹೋಗಿ, ಹೆದರಿಕೊಂಡು ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ: ಏಕಾಏಕಿ ನಿಲ್ಲಿಸಿದರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನಿಲ್ಲಿಸಬೇಕೋ ಬೇಡವೋ, ಎಷ್ಟು ದಿನ ಎಂಬುದನ್ನು ಸ್ಕ್ಯಾನ್ ನೋಡಿದ ವೈದ್ಯರು ಹೃದ್ರೋಗ ತಜ್ಞರೊಂದಿಗೆ ಮಾತಾಡಿ ಹೇಳುತ್ತಾರೆ.